ನಮ್ಮ ಜೀಪಿಗೆ ಬಲ ಬಂದದ್ದು

ಹೆಂಡತಿ ಮನೆ ಬಿಟ್ಟು ಹೋಗುವುದಕ್ಕೆ ಲೋಕದಲ್ಲಿ ನೂರೆಂಟು ಕಾರಣಗಳಿರುತ್ತವೆ. ನನ್ನ ಹೆಂಡತಿ ಹೊರಟದ್ದು ಒಂದು ರಸ್ತೆಯ ಏರಿನಿಂದಾಗಿ. (ಬಿಟ್ಟು ಹೋಗುವುದೆಂದರೆ ಹಾಗಲ್ಲ. ವಾರವೆಲ್ಲ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದು ಭಾನುವಾರ ಮನೆಗೆ ಬರುವುದು. ಆದರೆ ಸೋಮವಾರ ಬೆಳಿಗ್ಗೆ ಖಾಲಿ ಅಡುಗೆಮನೆಯಲ್ಲಿ ನಿಲ್ಲಬೇಕಾದವನಿಗೆ ಇವೆರಡರ ನಡುವೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ.)

ಆಕೆ ನರ್ಸು. ಊರು ಮುಗಿದ ಮೇಲೆ ಉದ್ದನೆಯ ಬಯಲು ರಸ್ತೆ, ಅದು ಮುಗಿದಲ್ಲಿ ಒಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಆಸ್ಪತ್ರೆ. ಅತ್ತ ಬಸ್ಸಿಲ್ಲ. ದಿನಾ ಬೆಳಿಗ್ಗೆ ಆಕೆಯನ್ನು ನಮ್ಮ ಹಳೆಯ ಜೀಪಿನಲ್ಲಿ ಬಿಟ್ಟುಬಂದು ನಾನು ನನ್ನ ಕನ್ನಡಕದ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಜೀಪಿನ ಹಿಂದಿನ ಯಜಮಾನ ಅದಕ್ಕೆ ಆನೆಯ ಪಾದದಂಥ ಟಯರುಗಳನ್ನು ಹಾಕಿಸಿದ್ದ. ನೋಡುವುದಕ್ಕೆ ಬಹಳ ಗಾಂಭೀರ್ಯ. ಆದರೆ ಅಷ್ಟು ದೊಡ್ಡ ಚಕ್ರವನ್ನು ತಿರುಗಿಸುವ ತ್ರಾಣ ಎಂಜಿನ್ನಿಗೆ ಇರಲಿಲ್ಲ. ನಾಲ್ಕು ಚಕ್ರಕ್ಕೂ ಬಲ ಕೊಡುವ ಗೇರು ಎಳೆದರೂ, ಗುಡ್ಡದ ಮೊದಲ ತಿರುವಿನಲ್ಲೇ ಅದಕ್ಕೆ ವೈರಾಗ್ಯ ಹುಟ್ಟುತ್ತಿತ್ತು. ಒಮ್ಮೆ ಕೆಮ್ಮಿ ಇಹದ ವ್ಯಾಪಾರ ಮುಗಿಸುತ್ತಿತ್ತು. ಆಕೆ ಏನೂ ಅನ್ನದೆ ಇಳಿದು, ಚೀಲವನ್ನು ಹೆಗಲಿಗೇರಿಸಿ, ಉಳಿದ ಏರನ್ನು ನಡೆದು ಹತ್ತುತ್ತಿದ್ದಳು. ಬೈದಿದ್ದರೆ ವಾಸಿಯಾಗಿತ್ತು.

ಒಂದು ಸಂಜೆ ಯೂನಿಫಾರಂ ಮಡಿಸುತ್ತಾ ಹೇಳಿದಳು: "ರೀ, ಮುಂದಿನ ತಿಂಗಳಿಂದ ನಾನು ಕ್ವಾರ್ಟರ್ಸಿಗೆ ಹೋಗ್ತೀನಿ. ದಿನಾ ತಡ ಆಗ್ತಿದೆ. ಮೇಟ್ರನ್ ಮುಖ ನೋಡಕ್ಕೆ ನನಗೆ ಆಗ್ತಿಲ್ಲ."

ತಡ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಕಣ್ಣಿಗೆ ಏರೊಂದೇ ಕಾಣುತ್ತಿತ್ತು. ಅದನ್ನು ಗೆದ್ದರೆ ಹೆಂಡತಿ ಉಳಿಯುತ್ತಾಳೆ ಎಂದು ತೀರ್ಮಾನಿಸಿ ನನ್ನ ಭಾವಮೈದನ ಬಳಿಗೆ ಓಡಿದೆ. ಅವನು ಲಾರಿ ಮೆಕ್ಯಾನಿಕ್ಕು. ಯಾವ ಗಾಡಿಯ ವಿಷಯ ಕೇಳಿದರೂ ಸಾವಿನ ಸುದ್ದಿ ತಂದವನ ಧ್ವನಿಯಲ್ಲೇ ಮಾತಾಡುತ್ತಾನೆ. ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ ನಡುವೆ ಕಬ್ಬಿಣದ ಕುಂಬಳಕಾಯಿಯಂಥದ್ದು ಇರುತ್ತದಲ್ಲ, ಅದರೊಳಗೆ ಹಲ್ಲುಗಳಿರುವ ಎರಡು ಗೇರುಗಳಿವೆ. ಕ್ರೌನ್ ಮತ್ತು ಪಿನಿಯನ್. ಆ ಜೋಡಿಯನ್ನು ಬದಲಾಯಿಸಿದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ನು ಹೆಚ್ಚು ಸುತ್ತು ತಿರುಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ ಎಂದು ವಿವರಿಸಿದ. ಮುಂದಿನ ಅಚ್ಚಿಗೂ ಹಿಂದಿನದಕ್ಕೂ ಒಂದೇ ಲೆಕ್ಕದ್ದನ್ನು ಹಾಕಬೇಕು, ಇಲ್ಲವಾದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ದಿನಾ ಜಗಳ ಎಂದ. (ಈ ಒಂದು ಅಂಶವನ್ನು ನನಗೆ ಎರಡು ಸಲ ಹೇಳಬೇಕಾಗಲಿಲ್ಲ.)

ಅವನ ಶೆಡ್ಡಿನಲ್ಲಿ ಎರಡು ಬಗೆಯವು ಇದ್ದವು. ಸಾಧಾರಣ ಬಲದ್ದನ್ನು ಮುಂದಿಟ್ಟು, "ಇದು ಸಾಕು ಭಾವ," ಎಂದ. ಮೂಲೆಯಲ್ಲಿದ್ದುದನ್ನು ತೋರಿಸಿ, ಅದೇನು ಎಂದೆ.

"ಅದು ಹಾಕಿದ್ರೆ ಗೋಡೆನೂ ಹತ್ತತ್ತೆ. ಆದ್ರೆ ಬಯಲಲ್ಲಿ..."

"ಗೋಡೆ ಹತ್ತೋದನ್ನೇ ಹಾಕು."

ಅವನು ನನ್ನನ್ನು ಮರುಕದಿಂದ ನೋಡಿ, ವಾಕ್ಯವನ್ನು ಪೂರ್ತಿ ಮಾಡದೆ ಅದನ್ನೇ ಎತ್ತಿಕೊಂಡ.

ನಮ್ಮ ಹಿತ್ತಲಿನಲ್ಲಿ ಶಸ್ತ್ರಕ್ರಿಯೆ ನಡೆಯಿತು. ಮರದ ದಿಮ್ಮಿಗಳ ಮೇಲೆ ಕೂತ ಜೀಪು ಚಪ್ಪಲಿ ಕಳೆದುಕೊಂಡ ಮುದುಕನಂತೆ ಕಾಣುತ್ತಿತ್ತು. ಭಾವಮೈದ ಹೊಸ ಗೇರಿನ ಹಲ್ಲುಗಳಿಗೆ ಬಣ್ಣ ಹಚ್ಚಿ, ಕೈಯಲ್ಲಿ ತಿರುಗಿಸಿ, ಒಂದರ ಹಲ್ಲು ಇನ್ನೊಂದನ್ನು ಎಲ್ಲಿ ಮುಟ್ಟುತ್ತದೆಂದು ಬಗ್ಗಿ ನೋಡಿದ. ತೀರಾ ಬಿಗಿಯಾದರೆ ಕಾದು ಸಾಯುತ್ತವೆ, ಸಡಿಲವಾದರೆ ಬಡಿದುಕೊಂಡು ಸಾಯುತ್ತವೆ, ನಡುವೆ ಕೂದಲೆಳೆಯಷ್ಟು ಜಾಗ ಇರಬೇಕು ಎಂದು ಗೊಣಗಿದ. ಅವನು ಅವಿವಾಹಿತ. ಇಷ್ಟೆಲ್ಲ ಹೇಗೆ ತಿಳಿಯಿತೋ.

ಇನ್ನೊಂದು ಅಚ್ಚಿನ ಹಳೆಯ ಗೇರ್ ಆಯಿಲ್ಲು ಕಪ್ಪಗೆ, ನಾರುತ್ತಾ ಟಬ್ಬಿಗೆ ಇಳಿಯುತ್ತಿರುವಾಗ ಆಕೆ ಬಂದು ನಿಂತಳು.

"ಅದು ನನ್ನ ಯೂನಿಫಾರಂ ನೆನೆಸೋ ಟಬ್ಬು."

"ಇರಲಿ ಬಿಡು, ಒಳ್ಳೇದಕ್ಕೇ ಉಪಯೋಗ ಆಗ್ತಿದೆ."

"ಯಾರ ಒಳ್ಳೇದಕ್ಕೆ?"

ನಿನ್ನನ್ನು ಉಳಿಸಿಕೊಳ್ಳುವುದಕ್ಕೆ ಎನ್ನಬೇಕಿತ್ತು. ಮದುವೆಯಾದ ಇಷ್ಟು ವರ್ಷದಲ್ಲಿ ಅಂಥ ಮಾತು ಆಡಿ ಅಭ್ಯಾಸವಿಲ್ಲ. "ಗಾಡಿ ಒಳ್ಳೇದಕ್ಕೆ," ಅಂದೆ. ಆಕೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹೊರಟೆವು. ಬಯಲು ರಸ್ತೆಯಲ್ಲಿ ಎಂಜಿನ್ನು ಜೇನುಗೂಡಿಗೆ ಕಲ್ಲು ಬಿದ್ದಂತೆ ಚೀರತೊಡಗಿತು; ಗಾಡಿ ಮಾತ್ರ ತೆವಳುತ್ತಿತ್ತು. ವೇಗ ತೋರಿಸುವ ಮುಳ್ಳಿಗೆ ಈ ಬದಲಾವಣೆಯನ್ನು ಯಾರೂ ತಿಳಿಸಿರಲಿಲ್ಲವಾಗಿ, ಅದು ಹಿಂದಿಗಿಂತ ಹೆಚ್ಚು ಉತ್ಸಾಹ ತೋರಿಸುತ್ತಿತ್ತು. ಹಾಲಿನ ವ್ಯಾನು ನಮ್ಮನ್ನು ದಾಟಿತು. ಸೈಕಲ್ಲಿನವನೊಬ್ಬ ಪಕ್ಕಕ್ಕೆ ಬಂದು, ಮರ್ಯಾದೆಗೆಂದು ಸ್ವಲ್ಪ ದೂರ ಜೊತೆಯಲ್ಲಿದ್ದು, ಮುಂದೆ ಹೋದ. ಭಾವಮೈದ ಪೂರ್ತಿ ಮಾಡದೆ ಬಿಟ್ಟಿದ್ದ ವಾಕ್ಯ ನನಗೆ ಈಗ ಅರ್ಥವಾಗುತ್ತಿತ್ತು. ಏರಿನಲ್ಲಿ ಕೊಟ್ಟ ಬಲವನ್ನು ಅದು ಬಯಲಿನಲ್ಲಿ ಕಿತ್ತುಕೊಳ್ಳುತ್ತದೆ. ಆಕೆ ಗಡಿಯಾರ ನೋಡಿಕೊಂಡಳು. ಆಮೇಲೆ ಗುಡ್ಡ ಬಂತು. ಜೀಪು ಒಂದೇ ಉಸಿರಿಗೆ, ಗಜಗಾಂಭೀರ್ಯದಿಂದ, ನೆತ್ತಿಯವರೆಗೆ ಹತ್ತಿತು. ಬಾಗಿಲಲ್ಲಿ ಮೇಟ್ರನ್ ನಿಂತಿದ್ದರು. ಆಕೆ ನಡೆದು ಹತ್ತುತ್ತಿದ್ದ ದಿನಗಳಲ್ಲೂ ಇಷ್ಟು ತಡವಾದದ್ದಿಲ್ಲ.

ಸಾಧಾರಣ ಬಲದ್ದನ್ನಾದರೂ ಹಾಕಿಸೋಣವೆಂದು ಹೋದರೆ, ಅದನ್ನು ಯಾರೋ ಒಯ್ದಾಗಿತ್ತು. ಹಳೆಯದನ್ನೇ ಹಾಕಿದರೆ ಮತ್ತೆ ಅದೇ ಏರು.

ತಿಂಗಳು ಹುಟ್ಟಿದ ದಿನ ಆಕೆಯ ಕಬ್ಬಿಣದ ಮಂಚ, ಹಾಸಿಗೆ, ಒಲೆ, ಬೀರು ಎಲ್ಲವನ್ನೂ ಜೀಪಿಗೆ ತುಂಬಿದೆವು. ಬೇರೆ ಯಾವ ಗಾಡಿಯೂ ಅಷ್ಟು ಭಾರ ಹೊತ್ತು ಆ ಗುಡ್ಡ ಹತ್ತುತ್ತಿರಲಿಲ್ಲ. ನಮ್ಮದು ಏದುಸಿರೂ ಬಿಡದೆ ಹತ್ತಿತು. ಬೀರನ್ನು ಗೋಡೆಗೆ ಒರಗಿಸಿ ಹೊರಗೆ ಬಂದಾಗ ಆಕೆ ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದಳು.

"ಎಷ್ಟು ಚೆನ್ನಾಗಿ ಹತ್ತತ್ತೆ ರೀ. ಒಳ್ಳೆ ಕೆಲಸ ಮಾಡಿಸಿದ್ರಿ."

ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಪ್ರಶಂಸೆ ಅದು. ಕಣ್ಣು ತುಂಬಿ ಬಂತು. ಅದನ್ನು ಸಿಟ್ಟೆಂದು ತೋರಿಸುವುದೇ ಗೌರವವೆನಿಸಿ, ಗಾಡಿ ಹತ್ತಿ, ಧಡ್ಡನೆ ಬಾಗಿಲು ಹಾಕಿ, ಸರ್ರನೆ ಹೊರಟುಬಿಟ್ಟೆ.

ಹೊರಟೆನೆಂದುಕೊಂಡೆ. ಇಳಿಜಾರಿನಲ್ಲೂ ಆ ಗೇರು ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು. ಜೀಪು ಸರ್ರನೆ ಹೋಗಲಿಲ್ಲ, ನಡೆಯಿತು. ಆಕೆಯೂ ಕಿಟಕಿಯ ಪಕ್ಕದಲ್ಲಿ ಆರಾಮವಾಗಿ ನಡೆಯುತ್ತಾ ಬಂದಳು. ಹಾಲು ಉಕ್ಕಿಸಬಾರದು, ರಾತ್ರಿ ಊಟ ಬಿಡಬಾರದು, ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಹಾಕಬಾರದು ಎಂದು ಹೇಳುತ್ತಲೇ ಇದ್ದಳು. ನಾನು ಮುಖ ತಿರುಗಿಸಿಕೊಂಡೇ ಎಲ್ಲಕ್ಕೂ ಹೂಂಗುಟ್ಟಿದೆ. ತಿರುವಿನಲ್ಲಿ ಆಕೆ ನಿಂತಳು.

"ಸಿಟ್ಟಲ್ಲಿ ಜೋರಾಗಿ ಓಡಿಸ್ಬೇಡಿ. ನಿಧಾನ ಹೋಗಿ."

ನಿಧಾನವೊಂದನ್ನು ಬಿಟ್ಟು ಬೇರೇನನ್ನೂ ನಾನು ಆ ಗಾಡಿಯಲ್ಲಿ ಉಳಿಸಿರಲಿಲ್ಲ.