ಮಾವನವರ ಮೊಣಕಾಲು ಮತ್ತು ನನ್ನ ಪಿಕಲ್‌ಬಾಲ್

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಅಲ್ಲಿಯವರೆಗೆ ನನ್ನ ಬಾಳು ಸುಗಮವಾಗಿತ್ತು.

ಕಲಬುರಗಿಯಲ್ಲಿ ಪಿಕಲ್‌ಬಾಲ್ ಆಡದವರೇ ಇಲ್ಲ ಎಂಬ ಸುದ್ದಿ ನಮ್ಮ ಶಹಾಬಾದಿಗೂ ಬಂದಿತ್ತು. ಟೇಬಲ್ ಟೆನಿಸ್ ಬ್ಯಾಟಿನ ಅಣ್ಣನಂಥ ಪ್ಯಾಡಲ್, ತೂತು ತೂತಿನ ಪ್ಲಾಸ್ಟಿಕ್ ಚೆಂಡು. ನಮ್ಮ ಕಾಲನಿಗೂ ಒಂದು ಅಂಕಣ ಬೇಕೆಂದು ನಾನೇ ಠರಾವು ಮಂಡಿಸಿದೆ.

"ಸಿಮೆಂಟ್ ಹಾಕಸೋಣ್ರಿ" ಎಂದರು ಪಕ್ಕದ ಮನೆಯ ಶರಣಪ್ಪ.

ನನ್ನ ಸ್ವಾಭಿಮಾನ ಕೆರಳಿತು. "ದೇಶಕ್ಕೆಲ್ಲಾ ಫರಸಿ ಕಲ್ಲು ಕೊಟ್ಟ ಊರಾಗ ಸಿಮೆಂಟ್ ಏನ್ರಿ? ಫರಸಿನೇ ಹಾಸೋಣ. ಅದೂ ಪಾಲಿಶ್ ಮಾಡಿದ್ದು!"

ಪದವೀಧರನಾದ ನನ್ನ ಮಾತು, ಯಾರೂ ಎದುರಾಡಲಿಲ್ಲ. ಹಾಸಿದ ಮೇಲೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಬಹುದಿತ್ತು! ಸಾಲದ್ದಕ್ಕೆ, ಉದ್ಘಾಟನೆಯ ಭಾನುವಾರ ನಸುಕಿನಲ್ಲಿ ನಾನೇ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದೆ.

ಉದ್ಘಾಟಕರು ನಮ್ಮ ಮಾವ. ತಮ್ಮೂರು ಚಿಮ್ಮನಚೋಡದಿಂದ ಬಂದು, ಮೊಣಕಾಲು ಬದಲಿಸಿಕೊಂಡು, ಮೂರು ತಿಂಗಳಿಂದ ನಮ್ಮ ಮನೆಯಲ್ಲೇ ವಿಶ್ರಾಂತಿಯಲ್ಲಿದ್ದರು. ಹೆಂಡತಿ ಸುಜಾತಾ ಮೊದಲೇ ಎಚ್ಚರಿಸಿದ್ದಳು: "ರಿಬ್ಬನ್ ಕತ್ತರಸಿದ ಮ್ಯಾಲ ಸೀದಾ ಕುರ್ಚಿ ಮ್ಯಾಲ ಕುಂದರಸ್ರಿ. ಅಪ್ಪಾರ ಮೊಣಕಾಲಿಗಿ ಏನರ ಆತಂದ್ರ ನಿಮ್ಮವೆರಡೂ ಉಳ್ಯಾಂಗಿಲ್ಲ!"

ರಿಬ್ಬನ್ ಕತ್ತರಿಸಿದ್ದಾಯಿತು. ನಾನು ಉತ್ಸಾಹದಲ್ಲಿ ಪ್ಯಾಡಲನ್ನು ಅವರ ಕೈಗಿತ್ತೆ. "ಮಾವಾರ, ಒಂದೇ ಒಂದು ಹೊಡೀರಿ. ಫೋಟೋಕ್ಕ."

"ಭಾಳ ಹಗರ ಅದ ಅಳಿಯಂದಿರ!" ಎನ್ನುತ್ತ ಮಾವ ಬೀಸಿ ಹೊಡೆದರು.

ಚೆಂಡು ಹೋಯಿತು. ಅದರ ಹಿಂದೆ ಮಾವನೂ ಹೋದರು! ನಡೆದಲ್ಲ, ಜಾರುತ್ತ! ಧೋತರ ಗಾಳಿಗೆ ಉಬ್ಬಿ, ಪ್ಯಾಡಲ್ ಮೇಲೆತ್ತಿ, ನಿಂತ ಭಂಗಿಯಲ್ಲೇ ವಾಡಿ ಜಂಕ್ಷನ್ ಬಿಟ್ಟ ಎಕ್ಸ್‌ಪ್ರೆಸ್ಸಿನಂತೆ ಹೊರಟರು. ಈಗಲೂ ಕಣ್ಣು ಮುಚ್ಚಿದರೆ ಆ ಧೋತರವೇ ಕಾಣುತ್ತದೆ.

"ಹಿಡೀರಿ! ಅಪ್ಪಾರಿಗಿ ಹಿಡೀರಿ!" ಸುಜಾತಾ ಕಿರುಚಿದಳು.

ನಾನು ಓಡಿದೆ. ಒಂದೇ ಹೆಜ್ಜೆ ಓಡಿದೆ. ಉಳಿದ ದಾರಿಯನ್ನು ಕುಳಿತೇ ಕ್ರಮಿಸಿದೆ. ಮಾವನವರನ್ನು ಹಿಂದಿಕ್ಕಿ, ನೆಟ್ಟಿನ ಕಂಬಕ್ಕೆ ಢಿಕ್ಕಿ ಹೊಡೆದು ನಿಂತೆ. ಮಾವ ನಿಧಾನವಾಗಿ ಬಂದು ನೆಟ್ಟಿಗೆ ಒರಗಿದರು, ಬಸ್ಸಿಗೆ ಕಾಯುವವರಂತೆ.

"ನಿಮಗೇನರ ಆತೇನ್ರಿ ಅಳಿಯಂದಿರ?"

ನಾನು ಕಂಬ ಹಿಡಿದುಕೊಂಡೇ ಮೇಲೆದ್ದೆ.

ಮೊಣಕಾಲಿನ ಡಾಕ್ಟರು ಸಿಗುವುದು ಗುರುವಾರ. ಅಲ್ಲಿಯವರೆಗೆ ನಾಲ್ಕು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮಾವ ಮಗ್ಗುಲು ಬದಲಿಸಿದರೆ ನಾನು ಎದ್ದು ದೀಪ ಹಾಕುತ್ತಿದ್ದೆ. "ಒಳಗ ಏನೋ ಸಡ್ಲಾಗ್ಯದ" ಎಂದು ಸುಜಾತಾ ಗೊಣಗುತ್ತಿದ್ದಳು.

ಗುರುವಾರ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. "ಮೊಣಕಾಲು ಭಾಳ ಛಲೋ ಅದರಿ! ನಡಿಲಿಕ್ಕೂ ಧೈರ್ಯ ಬಂದದ. ಏನ್ ಮಾಡಿದ್ರಿ?"

"ಆಟ ಆಡಿದ್ನಿರಿ" ಎಂದರು ಮಾವ, ಮೀಸೆ ತಿರುವಿ.

ಡಾಕ್ಟರು ಗೋಡೆ ಹಿಡಿದು ನಿಂತಿದ್ದ ನನ್ನತ್ತ ತಿರುಗಿದರು. "ಇವರ್ಯಾಕ ಕುಂದ್ರವಲ್ರು?"

ನನ್ನದೂ ಎಕ್ಸ್‌ರೇ ಆಯಿತು. ಬೆನ್ನಿನ ತುದಿಯ ಎಲುಬು ಬಿರುಕು ಬಿಟ್ಟಿತ್ತು. ಐದು ದಿನಗಳಲ್ಲಿ ಸುಜಾತಾ ಮೊದಲ ಸಲ ನಕ್ಕಳು.

ಆ ಗುರುವಾರ ರಾತ್ರಿ ನಾವೆಲ್ಲ ಬೆಳಗಿನವರೆಗೂ ಗಾಢವಾಗಿ ನಿದ್ರಿಸಿದೆವು. ಮಾವ ಅಂಗಾತ. ನಾನು ಬೋರಲು!