ಚಿಮಾಜಿಗೆ ಕೊನೆಗೆ ಏನಾಯಿತು

ಆ ಭಾನುವಾರ ತನ್ನನ್ನು ಟಿ.ವಿ.ಯ ಮುಂದಿನಿಂದ ಎಬ್ಬಿಸುವ ಗಂಡಸು ಕಾಸರಕೋಡಿನಲ್ಲಿ ಇನ್ನೂ ಹುಟ್ಟಿಲ್ಲವೆಂದು ಶನಿಯಾರ ಎಂಬ ತರುಣ ಬೆಳಿಗ್ಗೆಯೇ ಸಾರಿದ್ದ.

ಕಾರಣ ಚಿಮಾಜಿ. ಶನಿಯಾರ ಚಿಕ್ಕವನಿದ್ದಾಗ ಅಪ್ಪನಿಗೆ ಬೊಂಬಾಯಿಯ ಬಂದರಿನಲ್ಲಿ ಕೆಲಸವಿತ್ತು. ಅಲ್ಲಿನ ಚಾಳಿನ ಒಂದೇ ಒಂದು ಟಿ.ವಿ.ಯಲ್ಲಿ ಚಿಮಾಜಿ ಎಂಬ ಮರದ ಗೊಂಬೆ, ಕಡಲಲ್ಲಿ ಕಳೆದುಹೋದ ತಮ್ಮನನ್ನು ಹುಡುಕುತ್ತ ವಾರವಾರ ದೋಣಿಯಲ್ಲಿ ಅಲೆಯುತ್ತಿತ್ತು. ಕೊನೆಯ ಕಂತಿನ ವಾರವೇ ಅಪ್ಪನ ಕೆಲಸ ಹೋಗಿ ಸಂಸಾರ ಊರಿಗೆ ಮರಳಿತು. ತಮ್ಮ ಸಿಕ್ಕಿದನೋ, ಚಿಮಾಜಿಯೇ ಮುಳುಗಿದನೋ, ಶನಿಯಾರನಿಗೆ ತಿಳಿಯಲೇ ಇಲ್ಲ. ಈಗ 1987ರಲ್ಲಿ ಅದೇ ಕತೆಯನ್ನು ಹಿಂದಿಯಲ್ಲಿ, ಬಣ್ಣದಲ್ಲಿ, ಗೊಂಬೆಯ ಬದಲು ಮನುಷ್ಯರನ್ನಿಟ್ಟು ಹೊಸದಾಗಿ ತೆಗೆದಿದ್ದರು. ಇವತ್ತು ಅದರ ಕೊನೆಯ ಕಂತು.

ದೋಣಿಯ ಮಾಲೀಕ ತಿಮ್ಮಪ್ಪನ ಮನೆಯ, ಟಿ.ವಿ. ಇಟ್ಟಿದ್ದ ಜಗಲಿ ತುಂಬಿತ್ತು. ಹಿಂದಿ ಎಂದರೆ ಅಲ್ಲಿದ್ದವರಿಗೆ ಸಿನಿಮಾ ಹಾಡಿನ ರಾಗವೇ ಹೊರತು ಅರ್ಥವಲ್ಲ. ಅರ್ಥ ಹೇಳುವವನು ಬೊಂಬಾಯಿಯಲ್ಲಿ ಹಿಂದಿ ಕಲಿತು ಬಂದಿದ್ದ ಶನಿಯಾರ.

"ಇವ ಎಂತ ಚಿಮಾಜಿ? ಹುಟ್ಟು ಹಾಕೂದು ನೋಡಿ, ಗಂಜಿ ತೊಳಸ್ದ ಹಾಂಗೆ! ಇವನಕಿಂತ ನಮ್ಮ ಮರದವಗೇ ಜೀವ ಇತ್ತು," ಎಂದ ಶನಿಯಾರ.

"ಹಾಂಗಾರೆ ಮನೀಗೆ ಹೋಗು ತಮಾ, ಜಾಗ ಆಗ್ತದೆ," ಎಂದಳು ಮೀನು ಮಾರುವ ದುರ್ಗಿ.

ಅಷ್ಟರಲ್ಲಿ ಬಂಗಡೆ ಬುಟ್ಟಿಗೆ ಉಪ್ಪು ಎರಚಿದಂತೆ ಪರದೆಯ ತುಂಬ ಬಿಳಿ ಚುಕ್ಕೆ. ತಿಮ್ಮಪ್ಪನ ದೋಣಿಯಲ್ಲಿ ಕೆಲಸ ಮಾಡುವ ಮಾಸ್ತಿ ಏಣಿ ಹತ್ತಿ, ಹಂಚಿನ ಮಾಡಿನ ಮೇಲಿನ ಆಂಟೆನಾ ತಿರುಗಿಸಿದ.

"ಬಂತನಾ?"

"ಇಲ್ಲ!"

"ಈಗ?"

"ಇದ್ದದ್ದೂ ಹೋತು!"

ಶನಿಯಾರನ ಸಹನೆ ಮುಗಿಯಿತು. "ಒಂದು ಕಂಬ ತಿರ್ಗ್ಸೂಕೂ ಬರೂದಿಲ್ಲ ನಿಮ್ಗೆ!" ಎನ್ನುತ್ತ ಮಾಸ್ತಿಯನ್ನು ಕೆಳಗಿಳಿಸಿ ತಾನೇ ಹತ್ತಿದ. ಸರಳಿಗೆ ಕೈ ತಾಗಿದ್ದೇ ತಡ, ಕೆಳಗಿಂದ ಕೇಕೆ. "ಬಂತು! ಬಂತು!" ಕೈ ಬಿಟ್ಟ. "ಹೋತು!" ಹಿಡಿದ. "ಬಂತು!" ಮನುಷ್ಯನ ದೇಹವೂ ಆಂಟೆನಾದಂತೆ ವರ್ತಿಸಬಲ್ಲದು ಎಂಬುದು ಭೌತಶಾಸ್ತ್ರಕ್ಕೆ ಗೊತ್ತು. ಮಾಸ್ತಿಯ ದೇಹ ಏಕೆ ಹಾಗೆ ವರ್ತಿಸಲಿಲ್ಲ ಎಂಬುದಕ್ಕೆ ಮಾತ್ರ ಅಲ್ಲಿ ಉತ್ತರವಿಲ್ಲ.

"ಹಾಂಗೇ ಹಿಡ್ಕೊ, ಮಾರಾಯಾ!" ತಿಮ್ಮಪ್ಪ ಕೂಗಿದ.

"ನಾ ನೋಡೂದು ಬ್ಯಾಡ್ವಾ ತಿಮ್ಮಪ್ಪಣ್ಣ?"

"ನೀ ಬಿಟ್ರೆ ನಾವೂ ನೋಡೂಕಾಗೂದಿಲ್ಲ, ನೀನೂ ನೋಡೂಕಾಗೂದಿಲ್ಲ. ಹಿಡದ್ರೆ ನಾವಾದ್ರೂ ನೋಡ್ತೇವೆ."

"ಹಾಂಗಾರೆ ಯಾರೂ ನೋಡೂದು ಬ್ಯಾಡ!" ಶನಿಯಾರ ಕೈಬಿಟ್ಟು ಏಣಿಗೆ ಕಾಲು ಚಾಚಿದ. ಏಣಿ ಇರಲಿಲ್ಲ. ದುರ್ಗಿ ಅದನ್ನು ಎಳೆದು ನೆಲಕ್ಕೆ ಮಲಗಿಸಿ ಮೇಲೆ ಕೂತಿದ್ದಳು.

"ಮುಗ್ದ ಮೇಲೆ ಏಣಿ," ಎಂದಳು. "ಈಗ ಕಂಬ."

ಶನಿಯಾರ ಊರನ್ನೇ ಬೈಯುತ್ತ ಹಿಡಿದು ನಿಂತ. ಕಡಲಗಾಳಿಗೆ ಟಿ.ವಿ.ಯ ಮಾತು ಒಂದೂ ಕೇಳಲಿಲ್ಲ. ಪಿಟೀಲು ಅತ್ತದ್ದಷ್ಟೇ ಕೇಳಿಸಿತು.

ಕೊನೆಗೆ ಏಣಿ ಬಂತು. ಇಳಿದವನೇ ಕೇಳಿದ, "ಎಂತ ಆತು?"

"ಅದ್ನ ನೀ ಹೇಳ್ಬೇಕು. ಭಾಷೆ ಬರೂದು ನಿಂಗಲ್ದಾ?" ಎಂದ ತಿಮ್ಮಪ್ಪ.

"ನಾ ನೋಡ್ಲೇ ಇಲ್ವಲ್ರೋ! ಚಿಮಾಜಿ ಕಡೀಗೆ ಎಂತ ಅಂದ?"

"ಅದೊಂದು ನಮ್ಗೇ ತಿಳೀತು," ದುರ್ಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೋಣಿ ಹತ್ದ, ತಾಯಿ ಮುಖ ನೋಡ್ದ, ಕನ್ನಡದಾಗೇ ಹೇಳ್ದ. 'ಆತಾ? ಹೂಂ.' ಪಾಪ, ತಮ್ಮನ ಕತೆ ಆತು."

"ಸತ್ತದ್ದಲ್ಲ, ಸಂಬಂಧ ಆತು," ಎಂದ ಮಾಸ್ತಿ. "ಬದೀಗೆ ಹುಡ್ಗಿ ನಿಂತದ್ದು ಕಾಣ್ಲಿಲ್ವಾ?"

"ಎಂತಾದ್ರೂ ಆಗ್ಲಿ, ನಮ್ಮನೆ ಟಿ.ವಿ. ಕನ್ನಡ ಆಡ್ತು!" ತಿಮ್ಮಪ್ಪ ಹಿಗ್ಗಿದ.

ಶನಿಯಾರನ ಮುಖ ಅರಳಿತು. "ಆತಾ ಹೂಂ! ಅದು ಹಿಂದಿ! ಬರ್ತೆ ಅಂತ ಅರ್ಥ! ತಮ್ಮನ್ನ ಹುಡುಕೂಕೆ ಹೋದವ, ಬರ್ತೆ ಅಂತ ಹೇಳಿ ಹೋದ. ಕತೆ ಮುಗೀಲೇ ಇಲ್ಲ!"

"ಮಾಡಿನ ಮೇಲಿದ್ದವ ನೀನು, ಕಣ್ಣಾರೆ ಕಂಡವ್ರು ನಾವು," ಎಂದಳು ದುರ್ಗಿ. ಎಲ್ಲರೂ ನಕ್ಕರು.

"ನಗಿ! ಊರೇ ಒಂದಾದ್ರೂ ನಾ ಹೇಳ್ದದ್ದೇ ಖರೆ!" ಶನಿಯಾರ ಎದೆ ಸೆಟೆಸಿದ. "ಬರೂ ಐತವಾರ ಇದೇ ಹೊತ್ತಿಗೆ ಟಿ.ವಿ. ಹಾಕಿ. ಅವ ಬಂದೇ ಬರ್ತಾ. ನೀವೇ ಕಣ್ಣು ಬಿಟ್ಟು ನೋಡ್ಬೇಕು!"

ಇಷ್ಟು ಗಟ್ಟಿಯಾಗಿ ಹೇಳುವವನ ಮಾತು ಸುಳ್ಳಾಗಿರಲಾರದು ಎಂದು ತಿಮ್ಮಪ್ಪನಿಗೂ ಅನಿಸಿತು.

"ಆತು ತಮಾ, ನಿನ್ನ ಮಾತು ನಂಬ್ದೆ. ನೋಡ್ವಾ," ಎಂದು ಶನಿಯಾರನ ಬೆನ್ನು ತಟ್ಟಿ, ಮಾಸ್ತಿಯತ್ತ ತಿರುಗಿದ. "ಏಣಿ ಒಳಗಿಡ್ಬೇಡ್ವೋ. ಬರೂ ವಾರ ಇವ ಹತ್ಬೇಕಲ್ಲ."