ಫೆನಿ ಕುಡಿದ ಹ್ಯಾಂಡಲ್

ಇನಾಸನ ಮೋಟಾರ್‌ಸೈಕಲ್ಲಿನ ಹ್ಯಾಂಡಲಿನ ಎಡಗಡೆಯ ರಬ್ಬರ್ ಗ್ರಿಪ್ಪು ಮಡಗಾಂವಿನ ಚರ್ಚಿನ ತಿರುವಿನಲ್ಲಿ ಕಿತ್ತು ಕೈಗೆ ಬಂತು. ಹಿಂದೆ ಬಾಡಿಗೆಗೆ ಕೂತಿದ್ದ ಮೀನು ಮಾರುವ ಹೆಂಗಸಿಗೆ "ಸ್ವಲ್ಪ ಹಿಡ್ಕೊ ಅಕ್ಕಾ" ಎಂದು ಅದನ್ನು ಕೊಟ್ಟು, ಬರಿಯ ಕಬ್ಬಿಣ ಹಿಡಿದು ಹೇಗೋ ಮಾರ್ಕೆಟ್ಟು ಮುಟ್ಟಿದ. ಅವಳು ಗ್ರಿಪ್ಪನ್ನು ಬುಟ್ಟಿಯೊಳಗೆ ಹಾಕಿಕೊಂಡು ಇಳಿದು ಹೋದಳು. ಇವನಿಗೆ ನೆನಪಾಗುವ ಹೊತ್ತಿಗೆ ಅದು ಯಾರ ಮನೆಯ ಬಂಗುಡೆಯ ಜೊತೆ ಹೊರಟುಹೋಗಿತ್ತೋ ದೇವರೇ ಬಲ್ಲ.

ಅಂಗಡಿಯವನು ಒಂಟಿ ಗ್ರಿಪ್ಪು ಮಾರುವುದಿಲ್ಲವೆಂದ. ಇನಾಸ್ ಜೋಡಿ ಕೊಂಡು ಪೈಲಟ್ ಸ್ಟ್ಯಾಂಡಿಗೆ ಬಂದ. ಹಳದಿ ಮಡ್‌ಗಾರ್ಡಿನ ಬಾಡಿಗೆ ಮೋಟಾರ್‌ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಸರತಿ ಬರುವವರೆಗೆ ಊರಿಗೆಲ್ಲ ಬುದ್ಧಿ ಹೇಳುವುದು ಬಿಟ್ಟರೆ ಅವುಗಳನ್ನು ಓಡಿಸುವ ಪೈಲಟ್‌ಗಳಿಗೆ ಬೇರೆ ಕೆಲಸವಿರಲಿಲ್ಲ.

ಜೋಡಿ ಕೊಂಡ ಮೇಲೆ ಯಾಕೆ ಬಿಡಬೇಕೆಂದು ಇನಾಸ್ ಬಲಗಡೆಯ ಹಳೆಯ ಗ್ರಿಪ್ಪನ್ನೂ ಕಿತ್ತ. ಹೊಸವು ಎಷ್ಟು ತಳ್ಳಿದರೂ ಹ್ಯಾಂಡಲಿಗೆ ಏರಲಿಲ್ಲ. ಮಿಂಗೆಲ್ ಎಂಬವನು ಓಡಿಹೋಗಿ ಚಹಾದಂಗಡಿಯಿಂದ ಸೋಪಿನ ನೀರು ತಂದ. ಗ್ರಿಪ್ಪುಗಳು ಜಾರಿ ಒಳಗೇನೋ ಹೋದವು, ಆದರೆ ಜಾರುವುದನ್ನು ನಿಲ್ಲಿಸಲಿಲ್ಲ. ಇನಾಸ್ ಬಲಗಡೆಯ ಎಕ್ಸಿಲರೇಟರ್ ತಿರುವಿದ. ರಬ್ಬರು ಗಿರಗಿರ ತಿರುಗಿತು, ಗಾಡಿ ಮಾತ್ರ ಅಲ್ಲೇ ನಿಂತಿತ್ತು.

"ಸೋಪು ಯಾವನಾದ್ರೂ ಹಾಕ್ತಾನೇನೋ? ಫೆನಿ ಹಾಕು!" ಎಂದ ರುಜಾರ್. ಸ್ಟ್ಯಾಂಡಿನಲ್ಲೆಲ್ಲ ಹಿರಿಯ ಅವನೇ. "ಫೆನಿ ಹಾಕಿದ್ರೆ ರಬ್ಬರು ಸಲೀಸಾಗಿ ಒಳಗೆ ಹೋಗುತ್ತೆ. ಆಮೇಲೆ ಫೆನಿ ಹಾರಿಹೋಗುತ್ತೆ, ರಬ್ಬರು ಕಚ್ಕೊಂಡು ಕೂತ್ಕೊಳುತ್ತೆ."

ನೆಗಡಿಗೆ ಗೇರುಹಣ್ಣಿನ ಫೆನಿ, ಹಲ್ಲುನೋವಿಗೆ ಫೆನಿ, ಸೊಳ್ಳೆ ಕಚ್ಚಿದ್ದಕ್ಕೂ ಫೆನಿ ಹಚ್ಚುವ ಊರಿನಲ್ಲಿ ಈ ಮಾತಿಗೆ ಯಾರೂ ಎದುರಾಡಲಿಲ್ಲ. ಇನಾಸ್ ಮಾತ್ರ ಹ್ಯಾಂಡಲಿಗೆ ಕೈ ಅಡ್ಡ ಹಿಡಿದ.

"ನನ್ನೆದುರು ಅದರ ಹೆಸರೆತ್ತಬೇಡ ಮಾರಾಯಾ. ಪಿಯೆದಾದ್‌ಗೆ ವಾಸನೆ ಬಂದ್ರೆ ಮುಗೀತು ನನ್ನ ಕತೆ."

ಹೆಂಡತಿ ಪಿಯೆದಾದ್ ಅವನ ಕುಡಿತಕ್ಕೆ ರೋಸಿ ಒಮ್ಮೆ ತವರಿಗೆ ಹೋಗಿಬಿಟ್ಟಿದ್ದಳು. ಈಸ್ಟರ್ ಹಬ್ಬಕ್ಕೆ ವಾಪಸು ಬಂದದ್ದು ಒಂದೇ ಮಾತಿನ ಮೇಲೆ: ಇನ್ನೊಂದು ಸಲ ವಾಸನೆ ಬಂದರೆ ಹೋಗುತ್ತಾಳೆ, ಹೋದವಳು ಬರುವುದಿಲ್ಲ. ಅವಳಿಲ್ಲದ ದಿನಗಳಲ್ಲಿ ಒಣ ಪಾವ್ ತಿಂದು ಗೋಡೆಯ ಜೊತೆ ಮಾತಾಡಿದ್ದ ಇನಾಸ್, ಅಂದಿನಿಂದ ಒಂದು ಹನಿ ಮುಟ್ಟಿರಲಿಲ್ಲ. ಅವಳೆಂದರೆ ಅವನಿಗೆ ಭಯವಿತ್ತು, ಭಯಕ್ಕಿಂತ ಹೆಚ್ಚು ಪ್ರೀತಿಯಿತ್ತು.

"ಕುಡಿಯೋದು ನೀನಲ್ಲಪ್ಪಾ, ನಿನ್ನ ಗಾಡಿ" ಎಂದ ರುಜಾರ್.

ಬಾಟಲಿ ಬಂತು. ನಾಲ್ಕು ಹನಿ ಸಾಕಾಗುವಲ್ಲಿ ಮಿಂಗೆಲ್ ಧಾರಾಳವಾಗಿ ಸುರಿದ. ಗ್ರಿಪ್ಪುಗಳು ಎರಡೂ ಮರುಮಾತಿಲ್ಲದೆ ಒಳಗೆ ಹೋದವು. ಒಣಗಲು ಒಂದು ದಿನ ಬಿಡಬೇಕೆಂದು ಹೇಳಬೇಕಾಗಿದ್ದ ರುಜಾರ್, ಬಾಟಲಿಯಲ್ಲಿ ಉಳಿದದ್ದನ್ನು ಮುಗಿಸುವ ಗಡಿಬಿಡಿಯಲ್ಲಿ ಮರೆತ.

ಮೊದಲ ಸವಾರಿಗೆ ಸಿಕ್ಕಿದ್ದು ಆವ್ರೋರ ಟೀಚರ್. ನಿವೃತ್ತರು, ಇನಾಸನ ಊರಾದ ಕುಡ್ತರಿಯವರೇ, ಮನೆಯೂ ಎದುರುಬದುರು. ಬಿಸಿಲಿಗೆ ರಬ್ಬರು ಕಾದು, ಒಳಗಿನ ಫೆನಿ ಬೆರಳುಗಳ ಸಂದಿಯಿಂದ ಜಿನುಗತೊಡಗಿತು. ಎದುರುಗಾಳಿ ಅದನ್ನು ನೇರ ಟೀಚರರ ಮೂಗಿಗೆ ಒಯ್ದು ಮುಟ್ಟಿಸಿತು.

"ನಿಲ್ಲಿಸು!"

"ಟೀಚರ್, ಅದು ನಾನಲ್ಲ, ಹ್ಯಾಂಡಲ್ಲು..."

"ಒಂದನೇ ಕ್ಲಾಸಿನಲ್ಲೂ ನೀನು ಹೀಗೇ ಸುಳ್ಳು ಹೇಳ್ತಿದ್ದೆ. ಪಾಪ, ಪಿಯೆದಾದ್!" ಎಂದವರೇ ಇಳಿದು ಬಸ್ಸು ಹತ್ತಿದರು. ಬಸ್ಸಿನ ತುಂಬ ಕುಡ್ತರಿಯವರೇ ಇದ್ದರು.

ಇನಾಸ್ ನಲ್ಲಿ ಹುಡುಕಿ ಚರ್ಮ ಕೆಂಪಾಗುವಂತೆ ಕೈ ತೊಳೆದ. ತೊಳೆದ ಕೈಯಿಂದ ಮತ್ತೆ ಹ್ಯಾಂಡಲ್ ಹಿಡಿದ. ಹಿಡಿಯದೆ ಓಡಿಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಮುಂದಿನ ಸರ್ಕಲ್ಲಿನಲ್ಲಿ ಹವಾಲ್ದಾರ್ ವೆಳೀಪ ಕೈ ತೋರಿಸಿದ. "ಊದು."

ಇನಾಸ್ ಊದಿದ. ಹವಾಲ್ದಾರ ಮೂಗು ಅರಳಿಸಿ, "ಬಾಯಿಂದ ಬರಿ ಚಹಾ. ಕೈಯಿಂದ ಫೆನಿ. ಕೈಯಲ್ಲಿ ಕುಡೀತೀಯೇನೋ?" ಎಂದ.

"ಗ್ರಿಪ್ಪಿಗೆ ಹಾಕಿದ್ದು ಸಾಹೇಬ್ರೇ, ಪಾತ್ರಾಂವ್. ರಬ್ಬರಿಗೆ."

"ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಸುಳ್ಳು ಕೇಳಿರಲಿಲ್ಲ" ಎಂದು ಮೆಚ್ಚಿಕೊಂಡ ಹವಾಲ್ದಾರ, ಅವನನ್ನು ಬಿಸಿಲಲ್ಲಿ ನಿಲ್ಲಿಸಿ, ಹೋಗಿಬರುವವರನ್ನೆಲ್ಲ ಕರೆಕರೆದು ಅವನ ಬಾಯಿಂದ ಆ ಸುಳ್ಳನ್ನು ಹೇಳಿಸಿದ. ಜನ ಹೊಟ್ಟೆ ಹಿಡಿದು ನಕ್ಕರು. ಹವಾಲ್ದಾರನಿಗೆ ಬೇಸರ ಬಂದ ಮೇಲೆ ಬಿಡುಗಡೆಯಾಯಿತು.

ಕುಡ್ತರಿ ಸೇರುವಾಗ ಸಂಜೆಯಾಗಿತ್ತು. ಮನೆಗೆ ಹೋಗಲು ಕಾಲು ಬರಲಿಲ್ಲ. ಟೀಚರ್ ಊರು ಮುಟ್ಟಿ ಆಗಲೇ ಎಷ್ಟೋ ಹೊತ್ತಾಗಿದೆ. ಪಿಯೆದಾದ್ ತವರಿಗೆ ಹೊರಡಲು ಬಟ್ಟೆ ಮಡಚುತ್ತಿರಬೇಕು. ತಾನು ಹಿಂದೆ ಕುಡಿಯುತ್ತಿದ್ದ ಕಾಸ್ತಾನನ ತಾವೆರ್ನದ ಮುಂದೆ ಗಾಡಿ ನಿಲ್ಲಿಸಿದ. ಅಲ್ಲಿ ಯಾರಿಗಾದರೂ ನಿಜ ಹೇಳಿ ಅಳಬೇಕೆಂದಿದ್ದ.

ಕಾಸ್ತಾನ್ ಮೂಸಿ ನೋಡಿ ಮುಖ ಊದಿಸಿಕೊಂಡ. "ನನ್ನ ಅಂಗಡಿ ಬಿಟ್ಟು ಬೇರೆ ಕಡೆ ಕುಡಿಯೋಕೆ ಶುರು ಮಾಡಿದ್ಯಾ? ಆಗ್ಲಿ ಬಿಡು."

ಇನಾಸನಿಗೆ ತಡೆಯಲಾಗಲಿಲ್ಲ. ಶಿಕ್ಷೆಯೆಲ್ಲ ಮೊದಲೇ ಆಗಿಹೋಗಿದೆ, ತಪ್ಪೊಂದು ಬಾಕಿ. ಅದನ್ನು ಯಾಕೆ ಬಿಡಬೇಕು?

"ಹಾಕು ಒಂದು" ಎಂದ. ಹಳೆಯ ಸ್ನೇಹ, ಒಂದಕ್ಕೇ ನಿಲ್ಲಲಿಲ್ಲ.

ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಆವ್ರೋರ ಟೀಚರ್ ಮುಂದೆಯೇ ಇದ್ದರು. ಇನಾಸ್ ತಲೆ ತಗ್ಗಿಸಿ ಗಾಡಿ ನಿಲ್ಲಿಸಿದ. ಪಿಯೆದಾದ್ ಮೆಟ್ಟಿಲಿಳಿದು ಓಡಿಬಂದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅವಳು ನಗುತ್ತಿದ್ದಳು. ಅವಳ ಹಿಂದೆ ರುಜಾರ್, ಮಿಂಗೆಲ್ ಇಬ್ಬರೂ ನಿಂತಿದ್ದರು. ಸರ್ಕಲ್ಲಿನ ಸುದ್ದಿ ಸ್ಟ್ಯಾಂಡಿಗೆ ಮುಟ್ಟಿ, ಮನಸ್ಸು ತಡೆಯದೆ ಅಲ್ಲಿಂದ ನೇರ ಇಲ್ಲಿಗೆ ಬಂದು ಎಲ್ಲ ಒಪ್ಪಿಸಿಬಿಟ್ಟಿದ್ದರು.

"ಎಲ್ಲಾ ಹೇಳಿದ್ರು ಇನಾಸ್" ಎಂದಳು ಪಿಯೆದಾದ್. "ಇವತ್ತೆಲ್ಲ ಎಷ್ಟು ಮಾತು ಕೇಳಿದ್ಯೋ! ಆದ್ರೂ ಒಂದು ಹನಿ ಮುಟ್ಟಲಿಲ್ಲ ನೀನು. ನನ್ನ ಗಂಡ ಬಂಗಾರ."

"ಪಿಯೆದಾದ್, ಒಳಗೆ ಹೋಗೋಣ..." ಎಂದ ಇನಾಸ್, ಮುಖ ಆಚೆ ತಿರುಗಿಸಿ.

"ಒಳಗ್ಯಾಕೆ? ಆಡಿಕೊಂಡೋರೆಲ್ಲ ಇಲ್ಲೇ ಇದ್ದಾರೆ" ಎಂದು ಅವಳು ಜನರತ್ತ ತಿರುಗಿ ಸೊಂಟಕ್ಕೆ ಕೈಯಿಟ್ಟಳು. "ಬನ್ನಿ, ಮೂಸಿ! ಹ್ಯಾಂಡಲ್ ಮೂಸಿ!"

ಜನ ಸಾಲಾಗಿ ಬಂದು ಹ್ಯಾಂಡಲ್ ಮೂಸಿದರು. ಫೆನಿ. ಅಂಗೈ ಮೂಸಿದರು. ಫೆನಿ. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ನನ್ನದೇ ತಪ್ಪು" ಎಂದರು. ರುಜಾರ್ ಚಪ್ಪಾಳೆ ತಟ್ಟಿದ.

"ಇಷ್ಟಕ್ಕೇ ಮುಗೀಲಿಲ್ಲ" ಎಂದಳು ಪಿಯೆದಾದ್. "ಟೀಚರ್, ಹತ್ರ ಬನ್ನಿ. ಇನ್ನು ಬಾಯಿ ಮೂಸಿ."

ಇನಾಸ್ ತುಟಿ ಬಿಗಿದು ತಲೆಯಲ್ಲಾಡಿಸಿದ.

"ನಾಚ್ಕೋತಾನೆ ನೋಡಿ" ಎಂದು ನಕ್ಕ ಪಿಯೆದಾದ್, ಅಷ್ಟು ಜನರ ಮುಂದೆ ಮದುವೆಯಾದಂದಿನಿಂದ ತೋರಿಸದ ಅಕ್ಕರೆ ತೋರಿಸಿ ಅವನ ಗದ್ದ ಹಿಡಿದೆತ್ತಿದಳು. "ನನಗೋಸ್ಕರ, ಇನಾಸ್. ಆ ಅನ್ನು."

ಇಲ್ಲವೆನ್ನಲು ಇನಾಸ್ ಬಾಯಿ ತೆರೆದ. ಎಲ್ಲರಿಗಿಂತ ಹತ್ತಿರವಿದ್ದದ್ದು ಪಿಯೆದಾದಳ ಮೂಗೇ.